ತಲೆಯಾಡಿಸಿದ ಮಾತ್ರಕ್ಕೆ ಅರ್ಥವಾಯಿತು ಅಂತಲ್ಲ

ಹೋದ ತಿಂಗಳು ಈ ಅಂಕಣ ಯಾಕೆ ಬರಲಿಲ್ಲ ಅಂತ ಕೆಲವರು ಫೋನ್ ಮಾಡಿ ಕೇಳಿದಿರಿ. ನಾವು ಊರಲ್ಲಿರಲಿಲ್ಲ. ಹ್ಯೂಸ್ಟನ್‌ನ ನಮ್ಮ ಸಭೆಯಿಂದ ಒಂಬತ್ತು ಜನ ಗ್ವಾಟೆಮಾಲಾಕ್ಕೆ ಹತ್ತು ದಿನದ ಮಿಷನ್ ಟ್ರಿಪ್ ಹೋಗಿದ್ದೆವು. ಅದರಲ್ಲಿ ಆರು ಜನ ಕನ್ನಡದವರು: ಹುಬ್ಬಳ್ಳಿಯ ನರ್ಸ್ ಅಕ್ಕ, ಇಲ್ಲಿ ಸ್ಕೂಲ್ ಬಸ್ ಓಡಿಸುವ ಉಡುಪಿ ಕಡೆಯ ಅಣ್ಣ, ವೇರ್‌ಹೌಸಿನಲ್ಲಿ ರಾತ್ರಿ ಪಾಳಿ ಮಾಡುವ ಬೀದರಿನ ಗಂಡ-ಹೆಂಡತಿ, ಕುಣಿಗಲ್ ಕಡೆಯ ಐಟಿ ಹುಡುಗ. ಆರನೆಯವರು ಈ ಅಂಕಣದ ನಾವು. ಹತ್ತು ದಿನದ ಕತೆ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಈ ತಿಂಗಳು ಮೊದಲ ಐದು ದಿನ ಮಾತ್ರ.

ಹೊರಡುವ ಮೊದಲೇ ಒಬ್ಬರು ಕಡಿಮೆಯಾದರು. ಏಳನೆಯವರಾಗಿ ಬರಬೇಕಿದ್ದ ನಮ್ಮ ಗೆಳೆಯರಿಗೆ ಎಚ್-1ಬಿ ಸ್ಟೇಟಸ್ ಸರಿಯಾಗಿತ್ತು, ಪಾಸ್‌ಪೋರ್ಟಿನಲ್ಲಿದ್ದ ವೀಸಾ ಸ್ಟಾಂಪಿನ ಅವಧಿ ಮುಗಿದಿತ್ತು. ಅಂಥವರು ಮೆಕ್ಸಿಕೋ ಅಥವಾ ಕೆನಡಾಕ್ಕೆ ಹೋಗಿ 30 ದಿನದೊಳಗೆ ವಾಪಸ್ ಬಂದರೆ, ಬೇರೆ ಷರತ್ತು ಸರಿಯಿದ್ದರೆ, ಹಳೇ ಸ್ಟಾಂಪಿನ ಮೇಲೇ ಒಳಗೆ ಬಿಡುವ ನಿಯಮವಿದೆ. ಗ್ವಾಟೆಮಾಲಾಕ್ಕೆ ಆ ನಿಯಮ ಇಲ್ಲ. "ಎರಡೂ ಸ್ಪ್ಯಾನಿಷ್ ದೇಶ, ಎರಡೂ ಪಕ್ಕಪಕ್ಕ, ಅಷ್ಟೇ ಅಲ್ವಾ" ಅಂದುಕೊಂಡು ಟಿಕೆಟ್ ಮಾಡಿಸಿದ್ದರು. ಟಿಕೆಟ್ ದುಡ್ಡು ಹೋಯಿತು. ಹೋಗಿದ್ದರೆ ಕೆಲಸವೇ ಹೋಗುತ್ತಿತ್ತು. ಓದುವವರಲ್ಲಿ ಯಾರಾದರೂ ಇಂಥ ಪ್ರಯಾಣದ ಯೋಚನೆಯಲ್ಲಿದ್ದರೆ ಮೊದಲು ವಕೀಲರನ್ನು ಕೇಳಿ, ಆಮೇಲೆ ಪ್ರಾರ್ಥನೆ ಕೂಟದಲ್ಲಿ ಹೇಳಿ.

ಹ್ಯೂಸ್ಟನ್‌ನಿಂದ ಮೂರು ಗಂಟೆ ಚಿಲ್ಲರೆ ವಿಮಾನ, ಅಷ್ಟೇ. ಊರಿಗೆ ಹೋಗಲು ಒಂದು ದಿನವಿಡೀ ಕೂರುವ ನಮಗೆ ಇದೇನು ಪ್ರಯಾಣವೇ ಅನ್ನಿಸಿತು. ರಾಜಧಾನಿಯಿಂದ ಪಶ್ಚಿಮಕ್ಕೆ ಘಟ್ಟ ಹತ್ತಿ ಚಿಮಾಲ್ತೆನಾಂಗೊ ದಾಟಿ, ಕೊಮಲಾಪಾ ಕಡೆಯ ಒಂದು ಹಳ್ಳಿಗೆ ಹೋಗಬೇಕಿತ್ತು. ದಾರಿಯಲ್ಲಿ ಬಸ್ ಅಣ್ಣ ಒಮ್ಮೆಲೇ ಕಿಟಕಿಗೆ ಮುಖ ಒತ್ತಿ "ಅಯ್ಯೋ, ಅದು ನಮ್ ಗಾಡಿ ಮಾರಾಯ್ರೆ!" ಅಂತ ಕೂಗಿದರು. ಅಮೆರಿಕದಲ್ಲಿ ಓಡಿ ಹಳತಾದ ಸ್ಕೂಲ್ ಬಸ್ಸುಗಳು ಹರಾಜಾಗಿ ಇಲ್ಲಿಗೆ ಬರುತ್ತವೆ. ಇಲ್ಲಿಯವರು ಕೆಂಪು, ಹಸಿರು, ನೀಲಿ ಬಣ್ಣ ಬಳಿದು, ಮೇಲೆ ಸಾಮಾನಿನ ಕಂಬಿ ಹಾಕಿ, ಮುಂದೆ ದೇವರ ಹೆಸರೋ ಹೆಂಡತಿ ಹೆಸರೋ ಬರೆಸಿ ಊರಿಂದೂರಿಗೆ ಓಡಿಸುತ್ತಾರೆ. ಕಾಮಿಯೊನೆತಾ ಅಂತಾರೆ. ನಮ್ಮ ಕರಾವಳಿ ಬಸ್ಸಿನ ಹಾಗೇ ಬಾಗಿಲಲ್ಲಿ ನೇತಾಡುತ್ತಾ ಊರ ಹೆಸರು ಕೂಗುವ ಹುಡುಗ. ಅಣ್ಣನಿಗೆ ಕಣ್ಣು ತುಂಬಿತು. ಬಸ್ ನೋಡಿಯೋ ಆ ಹುಡುಗನನ್ನು ನೋಡಿಯೋ ಹೇಳಲಿಲ್ಲ.

ಭಾಷೆಯ ವಿಷಯಕ್ಕೆ ಬರೋಣ. ನಮಗೆ ಇದ್ದದ್ದು ಕೆಲಸದ ಜಾಗದಲ್ಲಿ ಕಲಿತ ಹರುಕುಮುರುಕು ಸ್ಪ್ಯಾನಿಷ್. ಆದರೂ ಮೊದಲ ದಿನ ಧೈರ್ಯ ಬಂತು. ಗಾರೆ ಕೆಲಸದವರನ್ನು ಇಲ್ಲಿ ಮಾಯೆಸ್ತ್ರೊ ಅಂತ ಕರೆಯುತ್ತಾರೆ, ನಮ್ಮ ಮೇಸ್ತ್ರಿ! ಅಲಮಾರು ಇಲ್ಲಿ ಅರ್ಮಾರಿಯೊ, ಪಾದ್ರಿ ಇಲ್ಲಿ ಪಾದ್ರೆ, ಕರಾವಳಿಯವರ ಇಗರ್ಜಿ ಇಲ್ಲಿ ಇಗ್ಲೇಸಿಯಾ. ಪೋರ್ಚುಗೀಸರು ನಮ್ಮ ಕಡಲತೀರಕ್ಕೆ ತಂದಿಟ್ಟು ಹೋದ ಮಾತುಗಳ ಅಕ್ಕತಂಗಿಯರು ಇಲ್ಲಿ ಸ್ಪ್ಯಾನಿಷರ ಜೊತೆ ಬಂದು ಕೂತಿವೆ. "ಭಾಷೆ ಬಂದ್ಬಿಡ್ತು ಬಿಡಿ" ಅಂತ ನಕ್ಕೆವು. ಆ ನಗು ಐದನೇ ದಿನಕ್ಕೆ ಇಳಿಯಿತು. ಅದನ್ನು ಮುಂದೆ ಹೇಳುತ್ತೇವೆ.

ಹಳ್ಳಿ ಸಾವಿರಾರು ಅಡಿ ಎತ್ತರದಲ್ಲಿದೆ. ರಾತ್ರಿ ಎರಡು ಕಂಬಳಿ ಬೇಕು. ಸುತ್ತ ಜೋಳದ ಹೊಲ, ಅಂದರೆ ಮುಸುಕಿನ ಜೋಳ. ದೂರದಲ್ಲಿ ಫ್ಯುಯೆಗೊ ಜ್ವಾಲಾಮುಖಿ ಆಗಾಗ ಬೀಡಿ ಸೇದಿದ ಹಾಗೆ ಹೊಗೆ ಬಿಡುತ್ತದೆ. 2018ರ ಜೂನ್ 3ರಂದು ಅದೇ ಬೆಟ್ಟ ಆಚೆ ಮಗ್ಗುಲಿನ ಹಳ್ಳಿಯನ್ನು ಜನರ ಸಮೇತ ಮುಚ್ಚಿಬಿಟ್ಟಿತು. 1976ರ ಫೆಬ್ರವರಿ 4ರ ಭೂಕಂಪದಲ್ಲಿ ದೇಶದಲ್ಲಿ ಸುಮಾರು 23,000 ಜನ ಸತ್ತರು. ಈ ಚಿಮಾಲ್ತೆನಾಂಗೊ ಜಿಲ್ಲೆಗೇ ದೊಡ್ಡ ಪೆಟ್ಟು. 1960ರಿಂದ 1996ರವರೆಗೆ ನಡೆದ ಅಂತರ್ಯುದ್ಧದಲ್ಲಿ ಎರಡು ಲಕ್ಷ ಜನ ಸತ್ತರು ಅಥವಾ ಕಾಣೆಯಾದರು, ಹೆಚ್ಚಿನವರು ಮಾಯಾ ಬುಡಕಟ್ಟಿನವರು. ಊರಿನ ಪಾಸ್ಟರ್ ಮೊದಲ ರಾತ್ರಿಯೇ ನಮಗೆ ಎರಡು ಮಾತು ಹೇಳಿದರು. ಕೇಳದೆ ಮಕ್ಕಳ ಫೋಟೋ ತೆಗೆಯಬೇಡಿ, ಮಕ್ಕಳ ಕಳ್ಳರ ಭಯ ಇಲ್ಲಿ ಇನ್ನೂ ಇದೆ. ವಯಸ್ಸಾದವರನ್ನು "ಆ ಕಾಲದಲ್ಲಿ ಏನಾಯ್ತು" ಅಂತ ಕೆದಕಬೇಡಿ, ಅವರಾಗಿ ಹೇಳಿದರೆ ಕೂತು ಕೇಳಿ. ಫೋಟೋ ಯಾಕೆ ಹಾಕಲಿಲ್ಲ ಅಂತ ಕೇಳಿದವರಿಗೆ ಇದೇ ಉತ್ತರ.

ಹಳ್ಳಿ ನೋಡಿದ ಕೂಡಲೇ ನಮಗೆ ಅನ್ನಿಸಿದ್ದು, ಇದು ನಮ್ಮೂರೇ ಅಂತ. ಮಣ್ಣಿನ ಗೋಡೆಯ ಮನೆ, ಪಕ್ಕದಲ್ಲೇ ಎರಡಂತಸ್ತಿನ ಕಾಂಕ್ರೀಟ್ ಮನೆ, ಮೇಲಿನ ಅಂತಸ್ತಿಗೆ ಕಿಟಕಿ ಇಲ್ಲ, ಕಂಬಿ ಆಕಾಶಕ್ಕೆ ಚಾಚಿಕೊಂಡಿದೆ. ಗಲ್ಫ್ ದುಡ್ಡಿನಲ್ಲಿ ಅರ್ಧಕ್ಕೆ ನಿಂತ ನಮ್ಮ ಕುಂದಾಪುರ, ಭಟ್ಕಳದ ಮನೆಗಳ ಹಾಗೇ. ಯಾರ ಮನೆ ಅಂದರೆ "ಹುಡುಗ ನಾರ್ತೆಯಲ್ಲಿದ್ದಾನೆ" ಅಂತಾರೆ. ನಾರ್ತೆ ಅಂದರೆ ಉತ್ತರ, ಅಂದರೆ ಅಮೆರಿಕ. ಈ ದೇಶದ ಒಟ್ಟು ಆದಾಯದ ಸುಮಾರು ಐದನೇ ಒಂದು ಭಾಗ ಹೊರದೇಶದಲ್ಲಿ ದುಡಿಯುವ ಮಕ್ಕಳು ಕಳಿಸುವ ಹಣ. ನಾವು ಉಳಿದುಕೊಂಡ ಮನೆಯ ತಾಯಿ ತಮ್ಮ ಮಗನ ಫೋಟೋ ತೋರಿಸಿದರು. ಟೆಕ್ಸಸ್‌ನಲ್ಲೇ ಇದ್ದಾನೆ, ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾನೆ, ಹನ್ನೊಂದು ವರ್ಷದಿಂದ ಬಂದಿಲ್ಲ. ಬಂದರೆ ಮತ್ತೆ ಹೋಗುವ ಹಾಗಿಲ್ಲ, ಕಾಗದಪತ್ರ ಇಲ್ಲ. "ನೀವು ಅವನ ಊರಿಂದ ಮೂರು ಗಂಟೆಯಲ್ಲಿ ಬಂದಿರಾ?" ಅಂತ ಆಕೆ ಎರಡು ಸಲ ಕೇಳಿದರು. ಆ ಪ್ರಶ್ನೆಗೆ ಬೀದರಿನ ಅಕ್ಕ ಮುಖ ತಿರುಗಿಸಿಕೊಂಡು ಒಲೆ ಕಡೆ ಹೋದರು.

ಒಲೆಯ ಹತ್ತಿರ ಆ ಅಕ್ಕನಿಗೆ ಮಾತು ಬೇಕಾಗಲಿಲ್ಲ. ಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ, ತೊಳೆದು, ಬೀಸಿ, ಅಂಗೈಯಲ್ಲಿ ಪಟಪಟ ತಟ್ಟಿ ತೋರ್ತೀಯಾ ಮಾಡುತ್ತಾರೆ. ಬೆಳಗಿನ ಜಾವ ಆ ಸದ್ದಿಗೇ ನಮಗೆ ಎಚ್ಚರ. ಬೀದರಿನ ಅಕ್ಕ ಕೂತು ಎರಡು ತಟ್ಟಿ ತೋರಿಸಿದರು, ರೊಟ್ಟಿಯ ಅಗಲಕ್ಕೆ. ಅವರು ಬಿದ್ದುಬಿದ್ದು ನಕ್ಕರು, ಅವರದು ಅಂಗೈಯಗಲವೇ. ಜೊತೆಗೆ ಕರಿ ಹುರುಳಿಕಾಯಿ ಬೀಜದ ಪಲ್ಯ, ಮೆಣಸಿನಕಾಯಿ ಚಟ್ನಿ. ನಾವು ಉಪ್ಪಿನಕಾಯಿ ಬಾಟಲಿ ತೆಗೆದು ಕೊಟ್ಟು "ನಮ್ಮೂರ ಖಾರ" ಅಂದೆವು. ಆದರೆ ಮೆಣಸಿನಕಾಯಿ ಮೂಲದಲ್ಲಿ ಇವರ ಕಡೆಯದೇ, ಪೋರ್ಚುಗೀಸರ ಹಡಗಿನಲ್ಲಿ ನಮಗೆ ಬಂದದ್ದು. ಇವರಿಗೆ ನಮ್ಮ ಕಡೆಯಿಂದ ಹೋದದ್ದು ಏಲಕ್ಕಿ. ಸುಮಾರು ನೂರು ವರ್ಷದ ಹಿಂದೆ ಒಬ್ಬ ಜರ್ಮನ್ ತೋಟಗಾರ ಉತ್ತರದ ಬೆಟ್ಟಗಳಲ್ಲಿ ನೆಟ್ಟ ಭಾರತದ ಏಲಕ್ಕಿ ಇವತ್ತು ಗ್ವಾಟೆಮಾಲಾವನ್ನು ಜಗತ್ತಿನ ಅತಿ ದೊಡ್ಡ ಏಲಕ್ಕಿ ರಫ್ತುದೇಶಗಳಲ್ಲಿ ಒಂದಾಗಿ ಮಾಡಿದೆ. ಇವರು ಅದನ್ನು ಅಡುಗೆಗೆ ಅಷ್ಟಾಗಿ ಬಳಸುವುದಿಲ್ಲ, ಬಹುಪಾಲು ಅರಬ್ ದೇಶಗಳ ಕಾಫಿಗೆ ಹೋಗುತ್ತದೆ. ಸೌದಿಯಲ್ಲಿ ದುಡಿದು ಬಂದ ಓದುಗರು ಕುಡಿದ ಗಹ್ವಾದಲ್ಲಿ ಸಕಲೇಶಪುರದ್ದಲ್ಲದ ಏಲಕ್ಕಿ ಇದ್ದಿರಬಹುದು.

ಎರಡನೇ ದಿನ ಕೆಲಸ ಶುರು. ನಮ್ಮ ಪಾಲಿಗೆ ಬಂದದ್ದು ಒಲೆ ಕಟ್ಟುವುದು. ಎಷ್ಟೋ ಮನೆಯಲ್ಲಿ ಮೂರು ಕಲ್ಲಿನ ಒಲೆ ನೆಲದ ಮೇಲೇ ಇದೆ. ಹೊಗೆ ಮನೆಯೊಳಗೇ ಸುತ್ತುತ್ತದೆ, ಕೂಸುಗಳು ಒಲೆಗೆ ಬಿದ್ದು ಸುಟ್ಟುಕೊಳ್ಳುತ್ತವೆ. ಇಟ್ಟಿಗೆಯಲ್ಲಿ ಸೊಂಟದೆತ್ತರ ಕಟ್ಟಿ, ಮೇಲೆ ಕಬ್ಬಿಣದ ಹಲಗೆ ಕೂರಿಸಿ, ಹೊಗೆ ಹೋಗಲು ಕೊಳವೆ ಇಡಬೇಕು. ಇದನ್ನು ಕಂಡ ಐಟಿ ಹುಡುಗ "ಇದು ನಮ್ಮ ಅಜ್ಜಿ ಮನೆಯ ಅಸ್ತ್ರ ಒಲೆ ಕಣ್ರೀ" ಅಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ತಂಡ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಹಳ್ಳಿಯವರ ಜೊತೆ ಕೂತು ಹೊಗೆ ಕಡಿಮೆಯ ಒಲೆಯನ್ನು ಪಳಗಿಸಿತ್ತು. ಅವನಜ್ಜಿಯ ಮನೆಗೆ ಬಂದದ್ದು ಅದೇ ಒಲೆ. "ಆದ್ರೆ ಅಜ್ಜಿ ಎರಡು ವರ್ಷ ಆದ್ಮೇಲೆ ಕೊಳವೆ ಕಿತ್ತುಹಾಕಿದ್ರು. ಕ್ಲೀನ್ ಮಾಡೋದು ಯಾರೂ ಹೇಳ್ಕೊಟ್ಟಿರ್ಲಿಲ್ಲ." ಈ ಮಾತನ್ನು ಮಾಯೆಸ್ತ್ರೊಗೆ ಹೇಳಿದಾಗ ಅವರು ಜೋರಾಗಿ ತಲೆಯಾಡಿಸಿ, ಪ್ರತಿ ಮನೆಯಲ್ಲೂ ಕೊಳವೆ ಬಿಚ್ಚಿ ಮಸಿ ತೆಗೆಯುವುದನ್ನು ಮನೆಯಾಕೆಯ ಕೈಯಲ್ಲೇ ಒಮ್ಮೆ ಮಾಡಿಸಿದರು.

ಮೂರನೇ ದಿನ ಮಧ್ಯಾಹ್ನ ನಮ್ಮ ಬಸ್ ಅಣ್ಣ ಒಂದು ವಿಷಯ ಗಮನಿಸಿದರು. ಇಬ್ಬರು ಹುಡುಗರು ಎರಡು ದಿನದಿಂದ ಗೋಡೆಗೆ ಒರಗಿ ಕೂತು ನಮ್ಮನ್ನೇ ನೋಡುತ್ತಿದ್ದಾರೆ. ಕೆಲಸ ಮಾಡುವುದಿಲ್ಲ, ಹೋಗುವುದೂ ಇಲ್ಲ. ಕೇಳಿದರೆ, ಅವರು ಮಾಯೆಸ್ತ್ರೊನ ಕೈಯಾಳುಗಳು. ಒಂಬತ್ತು ಜನ ಫ್ರೀಯಾಗಿ ಇಟ್ಟಿಗೆ ಹೊರಲು ಬಂದಿದ್ದಾರೆ ಅಂತ ಈ ವಾರ ಅವರಿಗೆ ಕೂಲಿ ಇಲ್ಲ. ದಿನಕ್ಕೆ ನೂರು ಕೆಟ್ಸಾಲ್‌ನ ಲೆಕ್ಕ, ಅಂದರೆ ಹದಿಮೂರು ಡಾಲರ್. ನಾವು ಒಬ್ಬೊಬ್ಬರು ಖರ್ಚು ಮಾಡಿಕೊಂಡು ಬಂದದ್ದು ಸಾವಿರದ ಮುನ್ನೂರು ಡಾಲರ್. ಸಿಮೆಂಟ್ ಕಲಸಲೂ ಸರಿಯಾಗಿ ಬಾರದ ನಾವು ಅಷ್ಟು ಖರ್ಚು ಮಾಡಿ ಬಂದು, ಇಬ್ಬರ ವಾರದ ಕೂಲಿ ತಪ್ಪಿಸಿದ್ದೆವು. ಸೇವೆ ಅಂತ ಹೆಸರು ಬೇರೆ. ಅವತ್ತು ಸಂಜೆ ಕೂಟದಲ್ಲಿ ಪ್ರಾರ್ಥನೆಗಿಂತ ಹೆಚ್ಚು ಹೊತ್ತು ಇದೇ ಮಾತಾಯಿತು. ಕಡೆಗೆ ಆ ಇಬ್ಬರನ್ನು ವಾಪಸ್ ಕರೆದು, ಕಳೆದ ದಿನದ್ದೂ ಸೇರಿಸಿ ಕೂಲಿ ಕೊಡುವುದು, ನಾವು ಅವರ ಕೈಕೆಳಗೆ ಕೆಲಸ ಮಾಡುವುದು ಅಂತಾಯಿತು. ಒಲೆಗಳು ಆಮೇಲೆ ಬೇಗ ಬೇಗ ಎದ್ದವು ಅನ್ನುವುದನ್ನು ನಾಚಿಕೆಯಿಲ್ಲದೆ ಹೇಳುತ್ತೇವೆ.

ನಾಲ್ಕನೇ ದಿನ ಭಾನುವಾರ. ಆರಾಧನೆ ಮೂರು ಗಂಟೆ. ಗಿಟಾರು, ಡ್ರಮ್ಸು, ಚೌಕ ಚೌಕದ ನೇಯ್ಗೆಯ ರವಿಕೆ ತೊಟ್ಟ ಹೆಂಗಸರು. ಎಲ್ಲರೂ ಎಲ್ಲರನ್ನೂ ಎರ್ಮಾನೊ, ಎರ್ಮಾನಾ, ಅಂದರೆ ಅಣ್ಣ, ಅಕ್ಕ ಅಂತ ಕರೆಯುತ್ತಾರೆ. ಪ್ರಸಂಗ ಅರ್ಧ ಸ್ಪ್ಯಾನಿಷಿನಲ್ಲಿ, ಅರ್ಧ ಇನ್ನೊಂದು ಭಾಷೆಯಲ್ಲಿ. ಗಂಟಲಿನಲ್ಲಿ ಟಕ್ ಅಂತ ನಿಂತು ಹೊರಡುವ ಸದ್ದು ಅದರಲ್ಲಿ ಬಹಳ. ಅದು ಕಾಕ್ಚಿಕೆಲ್. ಈ ದೇಶದಲ್ಲಿ 22 ಮಾಯಾ ಭಾಷೆಗಳಿವೆ, ಇದು ಅವುಗಳಲ್ಲಿ ಒಂದು. ನಮ್ಮನ್ನೂ ಹಾಡಲು ಕರೆದರು. ಕನ್ನಡದಲ್ಲಿ ಹಾಡಿದೆವು. ಮುಗಿದ ಮೇಲೆ ಒಬ್ಬ ಮುದುಕರು ಬಂದು ಕೈ ಹಿಡಿದು "ಮಾತ್ಯೋಶ್" ಅಂದರು. ಧನ್ಯವಾದ ಅಂತ ಅರ್ಥ. ನಾವು ಕಲಿತ ಮೊದಲ ಕಾಕ್ಚಿಕೆಲ್ ಮಾತು ಅದು. ಅಲ್ಲಿಗೆ ನಮಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಐದನೇ ದಿನ ವೈದ್ಯಕೀಯ ಶಿಬಿರ. ಚಿಮಾಲ್ತೆನಾಂಗೊದಿಂದ ಡಾಕ್ಟರು ಬಂದಿದ್ದರು. ಬಿಪಿ, ಶುಗರ್ ನೋಡುವುದು, ಔಷಧಿ ಕೊಟ್ಟು ಹೇಗೆ ತಗೊಳ್ಳಬೇಕು ಅಂತ ಹೇಳುವುದು ನರ್ಸ್ ಅಕ್ಕನ ಮೇಜು. ಅಕ್ಕ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಮ್ಮ ಸಭೆಯ ಒಬ್ಬ ಸಿಸ್ಟರ್ ಸ್ಪ್ಯಾನಿಷಿಗೆ ಮಾಡುತ್ತಿದ್ದರು. ಸಾಲು ಬೇಗ ಸಾಗುತ್ತಿತ್ತು. ಹತ್ತೂವರೆಯೊಳಗೆ 43 ಜನ.

44ನೆಯವರು ಒಬ್ಬ ಅಜ್ಜಿ, ಜೊತೆಗೆ ಹತ್ತು ವರ್ಷದ ಮೊಮ್ಮಗಳು. ಶುಗರ್ 312. ಡಾಕ್ಟರು ಬರೆದದ್ದು ಮೆಟ್‌ಫಾರ್ಮಿನ್, ಊಟದ ಜೊತೆ ಬೆಳಿಗ್ಗೆ ಒಂದು, ರಾತ್ರಿ ಒಂದು, ತಿಂಗಳಿಗೆ ಅರವತ್ತು ಮಾತ್ರೆ. ಅಕ್ಕ ಹೇಳಿದರು, ಸಿಸ್ಟರ್ ಹೇಳಿದರು, ಅಜ್ಜಿ "ಸಿ, ಸಿ" ಅಂತ ತಲೆಯಾಡಿಸಿದರು. ಅರ್ಥವಾಯಿತಾ ಅಂದರೆ "ಸಿ". ಎರಡು ಹೆಜ್ಜೆ ಹೋದವರನ್ನು ಅಕ್ಕ ಯಾಕೋ ವಾಪಸ್ ಕರೆದರು. "ಮನೆಗೆ ಹೋಗಿ ಹೇಗೆ ತಗೊಳ್ತೀರಿ, ನೀವೇ ಹೇಳಿ ನೋಡೋಣ." ಅಜ್ಜಿ ನಕ್ಕು ಮತ್ತೆ "ಸಿ" ಅಂದರು. ಆಗ ಮೊಮ್ಮಗಳು ಮೆಲ್ಲಗೆ ಹೇಳಿದಳು: ಅಜ್ಜಿಗೆ ಕಸ್ತೀಯಾ ಬರಲ್ಲ. ಸ್ಪ್ಯಾನಿಷಿಗೆ ಅಲ್ಲಿನವರು ಹಾಗೇ ಅನ್ನುವುದು. ಮೊಮ್ಮಗಳ ಬಾಯಿಂದ ಕೇಳಿಸಿದರೆ, ಅಜ್ಜಿ ಮಾತ್ರೆಯಲ್ಲಿ ಅರ್ಧ ತಮಗೆ, ಅರ್ಧ ಕಾಲುನೋವಿನ ಗಂಡನಿಗೆ ಅಂತ ಇಟ್ಟುಕೊಂಡಿದ್ದರು. ದೂರದಿಂದ ಬಂದವರು ಕೊಟ್ಟ ಒಳ್ಳೇ ಔಷಧಿ, ಮನೆಯವರಿಗೂ ಆಗಲಿ ಅಂತ.

ನರ್ಸ್ ಅಕ್ಕ ಪೆನ್ನು ಕೆಳಗಿಟ್ಟರು. "ನಲವತ್ಮೂರು ಮಂದಿನ ಕಳಿಸೀವಿ" ಅಂದರು. ಮತ್ತೇನೂ ಹೇಳಲಿಲ್ಲ. ಸಾಲು ನಿಲ್ಲಿಸಿದೆವು.

ಪರಿಹಾರ ನಮ್ಮ ಕಣ್ಣೆದುರೇ ಇತ್ತು. ಹಳ್ಳಿಯಲ್ಲಿ ಆರೋಗ್ಯದ ಪ್ರೊಮೊತೋರಾ ಒಬ್ಬರಿದ್ದಾರೆ, ನಮ್ಮ ಆಶಾ ಕಾರ್ಯಕರ್ತೆಯ ಹಾಗೆ. ಎರಡೂ ಭಾಷೆ ಬಲ್ಲವರು, ಪ್ರತಿ ಮನೆಯ ರೋಗ ಬಲ್ಲವರು. ಅವರನ್ನು ನಾವು ಬೆಳಿಗ್ಗೆಯಿಂದ ಕುರ್ಚಿ ಜೋಡಿಸಲು ನಿಲ್ಲಿಸಿದ್ದೆವು! ಕೈಮುಗಿದು ಮೇಜಿಗೆ ಕರೆತಂದೆವು. ಆಮೇಲೆ ಮಾತ್ರೆಯ ಕವರಿನ ಮೇಲೆ ಸೂರ್ಯ, ಚಂದ್ರ, ತಟ್ಟೆಯ ಚಿತ್ರ ಬರೆದು, ಅವರು ಕಾಕ್ಚಿಕೆಲ್‌ನಲ್ಲಿ ಹೇಳಿ, ರೋಗಿ ತಿರುಗಿ ಹೇಳಿದ ಮೇಲೇ ಕಳಿಸಿದೆವು. ಬೆಳಗಿನ ಪಟ್ಟಿ ನೋಡಿ, ಸ್ಪ್ಯಾನಿಷ್ ಸಾಲದವರು 17 ಜನ ಅಂತ ಅವರು ಗುರುತು ಹಾಕಿದರು. ಸಂಜೆ ಟಾರ್ಚ್ ಹಿಡಿದು ಅವರ ಹಿಂದೆ ಮನೆ ಮನೆಗೆ ಹೋದೆವು. 14 ಜನ ಸಿಕ್ಕರು. ನಾಲ್ಕು ಮನೆಯಲ್ಲಿ ತಪ್ಪಾಗಿತ್ತು. ಒಬ್ಬರು ಬಿಪಿ ಮಾತ್ರೆ ಎರಡು ಒಟ್ಟಿಗೇ ನುಂಗಿ ತಲೆಸುತ್ತು ಬಂದು ಮಲಗಿದ್ದರು. ಅಕ್ಕ ಒಂದು ಗಂಟೆ ಅವರ ಪಕ್ಕ ಕೂತು ಬಿಪಿ ನೋಡುತ್ತಲೇ ಇದ್ದರು. ಸರಿಹೋಯಿತು. ಉಳಿದ ಮೂವರ ಮನೆ ಕಣಿವೆಯಾಚೆ. ಪ್ರೊಮೊತೋರಾ ಮರುದಿನ ಬೆಳಕು ಹರಿಯುವ ಮುಂಚೆ ಒಬ್ಬರೇ ನಡೆದು ಹೋಗಿ ಬಂದರು.

ಅವತ್ತು ರಾತ್ರಿ ಯಾರಿಗೂ ನಿದ್ದೆ ಬರಲಿಲ್ಲ. ಬೀದರಿನ ಅಣ್ಣ ಯಾವತ್ತೂ ಹೇಳದ್ದನ್ನು ಹೇಳಿದರು. ಅಮೆರಿಕಕ್ಕೆ ಬಂದ ಮೊದಲ ವಾರ, ಕೆಲಸದ ಜಾಗದಲ್ಲಿ ಫೋರ್ಕ್‌ಲಿಫ್ಟ್ ಸುರಕ್ಷತೆಯ ಪಾಠ ಇಂಗ್ಲಿಷಿನಲ್ಲಿ ಓಡಿಸಿದರಂತೆ. "ಅಂಡರ್‌ಸ್ಟ್ಯಾಂಡ್?" ಅಂದಾಗೆಲ್ಲ "ಎಸ್, ಎಸ್" ಅಂದು ಸಹಿ ಹಾಕಿದರಂತೆ. "ತಿಳಿಲಿಲ್ಲ ಅಂದ್ರ ಕೆಲಸದಿಂದ ತೆಗಿತಾರೇನೋ ಅಂತ ಅಂಜಿಕಿ ಇತ್ರಿ." ಎಂಟನೇ ದಿನ ಕಾಲ ಮೇಲೆ ಮರದ ಹಲಗೆಯ ಅಟ್ಟಿ ಬಿತ್ತು. ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ನಮ್ಮಲ್ಲಿ ಯಾರು ಹಾಗೆ ತಲೆಯಾಡಿಸಿಲ್ಲ ಹೇಳಿ? ಡಾಕ್ಟರ ಮುಂದೆ, ಬ್ಯಾಂಕಿನಲ್ಲಿ, ಮಗುವಿನ ಸ್ಕೂಲಿನಲ್ಲಿ? ತಲೆಯಾಡಿಸುವುದು ಏನು ಅಂತ ಚೆನ್ನಾಗಿ ಗೊತ್ತಿದ್ದ ನಾವೇ, ಮೇಜಿನ ಈ ಕಡೆ ಕೂತ ಕೂಡಲೇ ಮರೆತೆವು.

ನಮ್ಮ ಕಡೆಗೂ ಮಿಷನ್ ಬಂದದ್ದುಂಟು. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಅವರ ಎಲ್ಲ ಕೆಲಸವನ್ನೂ ಎಲ್ಲರೂ ಒಪ್ಪಬೇಕಿಲ್ಲ. ಆದರೆ ಮೊಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ತಂದದ್ದು ಕನ್ನಡದಲ್ಲಿ. ಕಿಟ್ಟೆಲ್ 1853ರಲ್ಲಿ ಬಂದು, ಅವರ ನಿಘಂಟು ಅಚ್ಚಾದದ್ದು 1894ರಲ್ಲಿ, ನಲವತ್ತೊಂದು ವರ್ಷದ ಮೇಲೆ. ಈ ಕಡೆಗೂ 1917ರಲ್ಲಿ ಟೌನ್ಸೆಂಡ್ ಅನ್ನುವ ಅಮೆರಿಕದ ಯುವಕ ಸ್ಪ್ಯಾನಿಷ್ ಬೈಬಲ್ ಮಾರಲು ಬಂದರು. ಕೊಂಡುಕೊಳ್ಳುವ ಎಷ್ಟೋ ಜನರಿಗೆ ಸ್ಪ್ಯಾನಿಷ್ ಬಾರದು ಅಂತ ಆಮೇಲೆ ತಿಳಿಯಿತು. ಕೂತು ಕಾಕ್ಚಿಕೆಲ್ ಕಲಿತರು. ಆ ಭಾಷೆಯ ಹೊಸ ಒಡಂಬಡಿಕೆ ಅಚ್ಚಾದದ್ದು 1931ರಲ್ಲಿ. ಅವರು ಮೊದಲು ಮಾಡಿದ ತಪ್ಪನ್ನೇ ನೂರು ವರ್ಷದ ಮೇಲೆ ನಾವೂ ಮಾಡಿದೆವು. ಅವರಿಗೆ ತಿದ್ದಿಕೊಳ್ಳಲು ವರ್ಷಗಟ್ಟಲೆ ಸಮಯವಿತ್ತು, ನಮ್ಮ ವಾಪಸ್ ಟಿಕೆಟ್ ಹತ್ತನೇ ದಿನಕ್ಕಿತ್ತು.

ಇನ್ನೊಂದು ಪ್ರಶ್ನೆ ಉಳಿದಿದೆ. ಅಜ್ಜಿಯ ಅರವತ್ತು ಮಾತ್ರೆ ಒಂದು ತಿಂಗಳಿಗೆ ಮುಗಿಯುತ್ತದೆ. ಆಮೇಲೆ? ಮುಂದಿನ ವರ್ಷ ಒಂಬತ್ತು ಜನರ ಬದಲು ನಾಲ್ಕೇ ಜನ ಹೋಗೋಣ, ಉಳಿದ ಐವರ ಖರ್ಚನ್ನು ಪ್ರೊಮೊತೋರಾ ಕೈಗೆ, ಔಷಧಿಗೆ ಕೊಡೋಣ ಅಂತ ನರ್ಸ್ ಅಕ್ಕ ಸಭೆಯಲ್ಲಿ ಮುಂದಿಟ್ಟಿದ್ದಾರೆ. "ಕಣ್ಣಾರೆ ನೋಡದಿದ್ರೆ ಜನ ದುಡ್ಡು ಕೊಡ್ತಾರಾ? ನೀವೇ ಹೋಗಿರದಿದ್ರೆ ಈ ಮಾತು ಹೊಳೀತಿತ್ತಾ?" ಅಂತ ಹಿರಿಯರು ಕೇಳುತ್ತಾರೆ. ಅದೂ ನಿಜ. ಇನ್ನೂ ತೀರ್ಮಾನ ಆಗಿಲ್ಲ. ಅಲ್ಲಿಯವರೆಗೆ ಆ ತಿಂಗಳ ಮಾತ್ರೆಗೆ ನಾವು ಆರು ಜನ ಸೇರಿ ಹಣ ಕಳಿಸಿದ್ದೇವೆ.

ಓದುವವರಿಗೆ ಒಂದೇ ಮಾತು. ಮಿಷನ್ ಟ್ರಿಪ್ಪಿಗೆ ಹೋಗಿ, ಹೋಗದಿರಿ, ಅದು ನಿಮ್ಮಿಷ್ಟ. ಆದರೆ ನಾಳೆ ನಿಮ್ಮ ಪಾಳಿಯಲ್ಲಿ ಹೊಸದಾಗಿ ಬಂದ ಹುಡುಗನೊಬ್ಬ ನೀವು ಹೇಳಿದ್ದಕ್ಕೆಲ್ಲ ತಲೆಯಾಡಿಸಿದರೆ, ಅವನು ಗ್ವಾಟೆಮಾಲಾದವನಾಗಲಿ ಗುಲ್ಬರ್ಗದವನಾಗಲಿ, ಮೆಲ್ಲಗೆ ವಾಪಸ್ ಕರೆದು "ಈಗ ನೀನೇ ಮಾಡಿ ತೋರಿಸು" ಅನ್ನಿ. ನಿಮಗೂ ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಅನ್ನಿ.

ಉಳಿದ ಐದು ದಿನ, ಆ ತಾಯಿ ಟೆಕ್ಸಸ್‌ನ ಮಗನಿಗೆ ಕೊಟ್ಟ ಗಂಟು, ಅದನ್ನು ತಲುಪಿಸಲು ನಾವು ಹೋದ ಕತೆ ಮುಂದಿನ ಸಂಚಿಕೆಗೆ. ಮಾತ್ಯೋಶ್.